ಹೋಟೆಲಿನ ವೈಫೈಯಲ್ಲೂ ನಮ್ಮದೇ ಒಂದು ಸುರಂಗ: ಡೆಸ್ಕ್‌ಟಾಪ್‌ಗೆ ಎನ್‌ಕ್ರಿಪ್ಟ್ ಆದ ಪ್ರಾಕ್ಸಿ ಹಾಕಿಕೊಳ್ಳುವ ಬಗೆ

ಮಾಟುಂಗದಲ್ಲಿ ನಮ್ಮ ಸೋದರಮಾವನ ಹೋಟೆಲ್ ಇದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಒಂದು ಡೆಸ್ಕ್‌ಟಾಪ್. ಜಿಎಸ್‌ಟಿ, ಬ್ಯಾಂಕು, ದಿನಸಿಯವರ ಬಿಲ್ಲು, ಊರಿಗೆ ಹೋಗುವ ರೈಲಿನ ಟಿಕೆಟ್ಟು, ಎಲ್ಲ ಅದರಲ್ಲೇ. ಗಿರಾಕಿಗಳಿಗೆ ಕೊಡುವ ವೈಫೈ ಯಾವುದೋ ಅದೇ ಈ ಡೆಸ್ಕ್‌ಟಾಪ್‌ಗೂ. ಪಾಸ್‌ವರ್ಡನ್ನು ಕೈ ತೊಳೆಯುವ ಬೇಸಿನ್ನಿನ ಮೇಲೆ ಅಂಟಿಸಿದ್ದಾರೆ. ಒಂದು ಸಲ ಬಂದು ದೋಸೆ ತಿಂದು ಹೋದವರ ಫೋನಿನಲ್ಲೂ ಅದು ಉಳಿದಿರುತ್ತದೆ.

ಒಂದು ದಿನ ಮಾವ ಫೋನ್ ಮಾಡಿದರು. "ನಮ್ಮೂರ ದೇವಸ್ಥಾನದ ಪುಟದಲ್ಲಿ ಜೂಜಿನ ಜಾಹೀರಾತು ಬರ್ತಾ ಉಂಟು ಮಾರಾಯ. ಯಾರೋ ಹಾಳು ಮಾಡಿದ್ದಾರೆ, ಸ್ವಲ್ಪ ನೋಡು" ಅಂದರು. ಹೋಗಿ ನೋಡಿದೆ. ನನ್ನ ಫೋನಿನ ಡೇಟಾದಲ್ಲಿ ತೆರೆದರೆ ಅದೇ ಪುಟ ಸ್ವಚ್ಛವಾಗಿತ್ತು. ಹೋಟೆಲಿನ ವೈಫೈಗೆ ಸೇರಿಸಿದ ತಕ್ಷಣ ಗರ್ಭಗುಡಿಯ ಫೋಟೋದ ಕೆಳಗೇ ಇಸ್ಪೀಟು ಎಲೆಗಳು. ಪುಟ ಹಳೆಯದು, ವಿಳಾಸ ಬರೀ ಎಚ್‌ಟಿಟಿಪಿ ಅಂತ ಶುರುವಾಗುತ್ತಿತ್ತು, ಪುಟ ಗುಪ್ತಲಿಪಿಯಲ್ಲಿ ಬರುತ್ತದೆ ಅನ್ನುವ ಕೊನೆಯ ಎಸ್ ಇರಲಿಲ್ಲ. ದೇವಸ್ಥಾನದವರ ತಪ್ಪೇನೂ ಇಲ್ಲ. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಯಾರೋ ಪುಟ ಬಿಚ್ಚಿ ತಮ್ಮ ಸರಕು ಸೇರಿಸುತ್ತಿದ್ದರು. ಮಾವನಿಗೆ ಅದು ತುಂಬಾ ನೋವಾಯಿತು, ನನಗೂ.

ಅವತ್ತು ಸಂಜೆ ಹೋಟೆಲ್ ಸ್ವಲ್ಪ ಖಾಲಿಯಾದ ಹೊತ್ತಿನಲ್ಲಿ ಕೂತು ಅವರ ಡೆಸ್ಕ್‌ಟಾಪ್‌ಗೆ ಎನ್‌ಕ್ರಿಪ್ಟ್ ಆದ ಪ್ರಾಕ್ಸಿ ಹಾಕಿಕೊಟ್ಟೆ. ಆಮೇಲೆ ಘಾಟ್ಕೋಪರ್‌ನ ಇಬ್ಬರು ಗೆಳೆಯರು ಕೇಳಿದರು. ಪುಣೆಯ ಹಿಂಜವಡಿಯಲ್ಲಿ ಪಿಜಿಯಲ್ಲಿರುವ ತಂಗಿಯೂ ಕೇಳಿದಳು. ಅವಳಿರುವ ಕಟ್ಟಡದಲ್ಲಿ ಎಲ್ಲ ಮಹಡಿಗೂ ಸೇರಿ ಒಂದೇ ವೈಫೈ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕಂಪ್ಯೂಟರ್ ಓದಿದವರಿಗೆ ಮಾತ್ರ ಅಲ್ಲ, ಮೌಸ್ ಹಿಡಿಯಲು ಬರುವ ಯಾರು ಬೇಕಾದರೂ ಮಾಡಬಹುದು. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ.

ನಾವು ಕಟ್ಟುವುದು ಏನನ್ನು

ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರಿಗೆ ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಗೊತ್ತಿರುತ್ತದೆ. ಆರೂವರೆ ಕಿಲೋಮೀಟರ್ ಉದ್ದ. ಒಳಗೆ ಹೊಕ್ಕ ರೈಲು ಗುಡ್ಡದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಆ ಕಡೆಯ ಬಾಯಿಯಿಂದ ಹೊರಗೆ ಬಂದ ಮೇಲೆ ಮತ್ತೆ ಎಲ್ಲರಿಗೂ ಕಾಣುತ್ತದೆ. ನಮ್ಮ ಪ್ರಾಕ್ಸಿಯೂ ಹಾಗೆಯೇ. ನಿಮ್ಮ ಡೆಸ್ಕ್‌ಟಾಪ್ ಒಂದು ಬಾಯಿ, ನೀವೇ ಬಾಡಿಗೆಗೆ ತೆಗೆದುಕೊಂಡ ಒಂದು ಚಿಕ್ಕ ಸರ್ವರ್, ಅಂದರೆ ಬೇರೆ ಕಡೆ ಸದಾ ಓಡುತ್ತಿರುವ ಕಂಪ್ಯೂಟರ್, ಇನ್ನೊಂದು ಬಾಯಿ. ಬ್ರೌಸರ್ ಕೇಳಿದ್ದೆಲ್ಲ ಡೆಸ್ಕ್‌ಟಾಪ್‌ನಲ್ಲೇ ಗುಪ್ತಲಿಪಿಯಾಗಿ, ಹೋಟೆಲಿನ ವೈಫೈ ದಾಟಿ, ಕಟ್ಟಡದ ಕೇಬಲ್ ದಾಟಿ, ಸರ್ವರ್ ತಲುಪಿ ಅಲ್ಲಿ ಬಿಚ್ಚಿಕೊಂಡು ಹೊರಗಿನ ಇಂಟರ್ನೆಟ್‌ಗೆ ಹೋಗುತ್ತದೆ. ಮಧ್ಯದಲ್ಲಿ ಕೂತವರಿಗೆ ಕಾಣುವುದು ಒಂದೇ ವಿಷಯ: ಈ ಡೆಸ್ಕ್‌ಟಾಪ್ ಯಾವುದೋ ಒಂದು ಸರ್ವರ್ ಜೊತೆ ಮಾತಾಡುತ್ತಿದೆ ಅಂತ.

ಸುರಂಗ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಲ್ಲಿ ಬರುವ ಎಲ್ಲ ಎಚ್ಚರಿಕೆಗಳೂ ಅಲ್ಲಿಂದಲೇ ಹುಟ್ಟಿದವು.

ಇದಕ್ಕೆ ಬಳಸುವುದು ಎಸ್‌ಎಸ್‌ಎಚ್, ಎರಡು ಕಂಪ್ಯೂಟರುಗಳು ಗುಪ್ತಲಿಪಿಯಲ್ಲಿ ಮಾತಾಡುವ ಪದ್ಧತಿ. 1995ರಲ್ಲಿ ಫಿನ್‌ಲೆಂಡಿನ ತಾತು ಯುಲೋನೆನ್ ಬರೆದದ್ದು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡಿದ್ದರು. ಅದನ್ನು ತಡೆಯಲೆಂದೇ ಇದನ್ನು ಬರೆದರು. ಅಂದರೆ ನಮ್ಮ ಮಾವನ ಹೋಟೆಲಿನಂಥ ಜಾಗಕ್ಕೇ ಹುಟ್ಟಿದ ಔಷಧ. ಅದರ ಒಳಗೆ ಸಾಕ್ಸ್ ಅನ್ನುವ ಪ್ರಾಕ್ಸಿ ಪದ್ಧತಿಯೂ ಸೇರಿಕೊಂಡಿದೆ, ಬ್ರೌಸರ್‌ಗಳಿಗೆ ಅದು ಅರ್ಥವಾಗುತ್ತದೆ.

"ಈಗ ಎಲ್ಲ ಸೈಟಿಗೂ ಎಚ್‌ಟಿಟಿಪಿಎಸ್ ಇದೆಯಲ್ಲ, ಇದೆಲ್ಲ ಯಾಕೆ" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬ್ಯಾಂಕಿನ ಪಾಸ್‌ವರ್ಡು ಎಚ್‌ಟಿಟಿಪಿಎಸ್‌ನಿಂದಲೇ ಭದ್ರವಾಗಿರುತ್ತದೆ. ಆದರೆ ನೀವು ಯಾವ ಬ್ಯಾಂಕಿನ, ಯಾವ ಆಸ್ಪತ್ರೆಯ, ಯಾವ ಸೈಟಿನ ಹೆಸರು ಕೇಳಿದಿರಿ ಅನ್ನುವುದು ಸಾಮಾನ್ಯವಾಗಿ ವೈಫೈ ನಡೆಸುವವರಿಗೂ ಕೇಬಲ್‌ನವರಿಗೂ ಕಾಣುತ್ತದೆ. ಎಸ್ ಇಲ್ಲದ ಹಳೆಯ ಪುಟಗಳಂತೂ ಪೂರ್ತಿ ಬಯಲು. ಈ ಎರಡನ್ನೂ ಸುರಂಗ ಮುಚ್ಚುತ್ತದೆ.

ಪುಕ್ಕಟೆ ಪ್ರಾಕ್ಸಿ, ಪುಕ್ಕಟೆ ಬ್ರೌಸರ್ ವಿಸ್ತರಣೆ ಹಾಕಿಕೊಂಡರೆ ಆಗುವುದಿಲ್ಲವೇ ಅಂದರೆ, ಬೇಡ. ಸುರಂಗದ ಆ ಕಡೆಯ ಬಾಯಲ್ಲಿ ಯಾರು ನಿಂತಿದ್ದಾರೆ ಅಂತ ನಿಮಗೆ ಗೊತ್ತಿರುವುದಿಲ್ಲ. ತುಂಬಾ ಜನ ಬಳಸುತ್ತಿದ್ದ ಅಂಥ ಒಂದು ಪುಕ್ಕಟೆ ಸೇವೆ ತನ್ನ ಬಳಕೆದಾರರ ಇಂಟರ್ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದದ್ದು 2015ರಲ್ಲಿ ಬಯಲಿಗೆ ಬಂತು.

ಸರ್ವರ್ ಎಲ್ಲಿಂದ

ಎರಡು ದಾರಿ ಇದೆ. ಮನೆಯಲ್ಲಿ ಒಳ್ಳೆಯ ಬ್ರಾಡ್‌ಬ್ಯಾಂಡ್ ಇದ್ದರೆ ಅಲ್ಲೇ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಅಥವಾ ಹಳೆಯ ಲ್ಯಾಪ್‌ಟಾಪ್ ಇಟ್ಟು ಹೊರಗಿನಿಂದ ಅದಕ್ಕೆ ಬರಬಹುದು. ಕೇಳಲು ಚೆನ್ನಾಗಿದೆ, ಆದರೆ ನಮ್ಮ ಕಡೆಯ ಬಹಳಷ್ಟು ಸಂಪರ್ಕಗಳಲ್ಲಿ ನಡೆಯುವುದಿಲ್ಲ. ಕಂಪನಿಯವರು ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ರೂಟರ್‌ನ ಪುಟ ತೆರೆದು ವ್ಯಾನ್ ವಿಳಾಸ, ಅಂದರೆ ಹೊರಗಿನ ಕಡೆಯ ಐಪಿ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ, ಅಥವಾ 10ರಿಂದ ಶುರುವಾದರೆ, ಹೊರಗಿನಿಂದ ನಿಮ್ಮ ಮನೆಯ ಬಾಗಿಲು ತಟ್ಟಲು ಆಗುವುದಿಲ್ಲ. ನಿಮಗಷ್ಟೇ ಸೇರಿದ, ಬದಲಾಗದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಕೊಂಡರೆ ಮಾತ್ರ ಆಗುತ್ತದೆ.

ಹಾಗಾಗಿ ನಾನು ಹೇಳುವುದು ಎರಡನೆಯ ದಾರಿ, ಬಾಡಿಗೆ ಸರ್ವರ್. ಅತಿ ಚಿಕ್ಕದು ಸಾಕು, ತಿಂಗಳಿಗೆ ನಾಲ್ಕೈದು ಡಾಲರ್ ಆಗುತ್ತದೆ. ಅಮೆಜಾನ್‌ಗೆ 2016ರಿಂದ ಮುಂಬೈನಲ್ಲೇ ಡೇಟಾ ಸೆಂಟರ್ ಇದೆ, ಡಿಜಿಟಲ್‌ಓಶನ್‌ಗೆ ಬೆಂಗಳೂರಿನಲ್ಲಿ ಇದೆ. ಭಾರತದ್ದನ್ನೇ ಆರಿಸಿ. ಸಿಂಗಾಪುರ ಅಥವಾ ಅಮೆರಿಕ ಆರಿಸಿದರೆ ಬ್ಯಾಂಕಿನವರಿಗೆ ನೀವು ಪರದೇಶದಿಂದ ಬಂದಂತೆ ಕಾಣುತ್ತೀರಿ. ಲಾಗಿನ್ ತಡೆಯಬಹುದು, ಕೆಲವು ಸರ್ಕಾರಿ ಪುಟಗಳು ತೆರೆಯದೇ ಇರಬಹುದು. ಹತ್ತಿರದ ಸರ್ವರ್ ಆದರೆ ವೇಗವೂ ಚೆನ್ನಾಗಿರುತ್ತದೆ. ಮಾವನಿಗೆ ಮುಂಬೈನದ್ದೇ ತೆಗೆದೆ.

ಈಗಲೇ ಹಣ ಕಟ್ಟಬೇಡಿ, ಮೊದಲು ಬೀಗ ತಯಾರು ಮಾಡಿಕೊಳ್ಳೋಣ. ಆಗ ಸರ್ವರ್ ಹುಟ್ಟುವಾಗಲೇ ಬೀಗ ಹಾಕಿಸಿಕೊಂಡು ಬರುತ್ತದೆ.

ಬೀಗ ಮತ್ತು ಕೀಲಿಕೈ

ವಿಂಡೋಸ್ ಇದ್ದವರು ಎಸ್‌ಎಸ್‌ಎಚ್‌ಗೆಂದೇ ಪುಟ್ಟಿ ಅನ್ನುವ ಪುಕ್ಕಟೆ ತಂತ್ರಾಂಶ ಇಳಿಸಿಕೊಳ್ಳಿ. ಬರೆದವರು ಸೈಮನ್ ಟ್ಯಾಥಮ್ ಮತ್ತು ಜೊತೆಗಾರರು. ಇಲ್ಲಿ ಅವಸರ ಬೇಡ. ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳಲ್ಲಿ ನಕಲಿ ಪುಟ್ಟಿಯೂ ಇರುತ್ತದೆ, ಅದರೊಳಗೆ ವೈರಸ್. ಟ್ಯಾಥಮ್ ಅವರ ಸ್ವಂತ ಪುಟದಿಂದಲೇ ಇಳಿಸಿ. ಆವೃತ್ತಿ 0.81 ಅಥವಾ ಅದಕ್ಕಿಂತ ಹೊಸದು ಇರಬೇಕು. ಹಳೆಯದರಲ್ಲಿ ಒಂದು ಬಗೆಯ ಕೀಲಿಕೈಯನ್ನು ಹೊರಗಿನವರು ಲೆಕ್ಕ ಹಾಕಿ ಕಂಡುಹಿಡಿಯಬಹುದಾದ ದೋಷ ಇತ್ತು, 2024ರ ಏಪ್ರಿಲ್‌ನಲ್ಲಿ ಸರಿ ಮಾಡಿದರು. ಅಣ್ಣನ ಮಗನ ಪೆನ್‌ಡ್ರೈವಿನಲ್ಲಿ ವರ್ಷಗಳಿಂದ ಬಿದ್ದಿರುವ ಪುಟ್ಟಿ ಬೇಡ.

ಇನ್‌ಸ್ಟಾಲರ್ ಓಡಿಸಿದರೆ ಜೊತೆಗೆ ಕೀಲಿ ತಯಾರಿಸುವ ಪುಟ್ಟಿಜೆನ್ ಕೂಡ ಬರುತ್ತದೆ. ಅದನ್ನು ತೆರೆಯಿರಿ. ಕೆಳಗೆ ಕೀಲಿಯ ಬಗೆ ಕೇಳುತ್ತದೆ, ಎಡ್‌ಡಿಎಸ್‌ಎ ಆರಿಸಿ, ಪಕ್ಕದಲ್ಲಿ ಎಡ್25519 ಇರಲಿ. ಜನರೇಟ್ ಒತ್ತಿ, ಖಾಲಿ ಜಾಗದಲ್ಲಿ ಮೌಸ್ ಸುಮ್ನೆ ಅತ್ತಿತ್ತ ಆಡಿಸಿ. ನಿಮ್ಮ ಕೈಯ ಆ ಗೊತ್ತುಗುರಿಯಿಲ್ಲದ ಓಡಾಟದಿಂದಲೇ ಕೀಲಿಕೈ ಹುಟ್ಟುತ್ತದೆ. ಮಾವನ ಕೈಲೇ ಮಾಡಿಸಿದೆ, ದೋಸೆ ಹಿಟ್ಟು ಕಾವಲಿಯ ಮೇಲೆ ಸುತ್ತಿದ ಹಾಗೆ ಸುತ್ತಿದರು.

ಈಗ ನಿಮ್ಮ ಹತ್ತಿರ ಎರಡು ವಸ್ತು. ಒಂದು ಪಬ್ಲಿಕ್ ಕೀ, ಅದನ್ನು ಬೀಗ ಅಂದುಕೊಳ್ಳಿ. ಯಾರಿಗೆ ಕೊಟ್ಟರೂ ತೊಂದರೆ ಇಲ್ಲ, ಸರ್ವರ್‌ನ ಬಾಗಿಲಿಗೆ ಹಾಕುವುದು ಇದನ್ನೇ. ಇನ್ನೊಂದು ಪ್ರೈವೇಟ್ ಕೀ, ಅದು ಕೀಲಿಕೈ. ಈ ಡೆಸ್ಕ್‌ಟಾಪ್ ಬಿಟ್ಟು ಎಲ್ಲಿಗೂ ಹೋಗಬಾರದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ನಿಮಗೆ ನೀವೇ ಮೇಲ್ ಮಾಡಿಕೊಳ್ಳುವುದೂ ಬೇಡ. ಸೇವ್ ಮಾಡುವ ಮೊದಲು ಪಾಸ್‌ಫ್ರೇಸ್ ಅನ್ನುವ ಎರಡು ಖಾನೆಗಳಲ್ಲಿ ನಿಮಗಷ್ಟೇ ಗೊತ್ತಿರುವ ಉದ್ದನೆಯ ಮಾತೊಂದನ್ನು ಬರೆಯಿರಿ. ಹೋಟೆಲಿನ ಕಂಪ್ಯೂಟರ್ ಮುಂದೆ ಹತ್ತು ಜನ ಓಡಾಡುತ್ತಾರೆ, ಇದನ್ನು ಬಿಡಬೇಡಿ. ಆಮೇಲೆ ಸೇವ್ ಪ್ರೈವೇಟ್ ಕೀ ಒತ್ತಿ.

ಪುಟ್ಟಿಜೆನ್ ಮುಚ್ಚುವ ಮೊದಲು ಮೇಲಿನ ಚೌಕದಲ್ಲಿರುವ ಪಬ್ಲಿಕ್ ಕೀ ನಕಲು ಮಾಡಿಕೊಳ್ಳಿ. ತುಂಬಾ ಜನ ಎಡವುವುದು ಇಲ್ಲೇ. ಚೌಕ ಚಿಕ್ಕದು, ಕಾಣದ ಭಾಗ ಕೆಳಗೆ ಇದ್ದರೂ ಇರಬಹುದು. ಚೌಕದ ಒಳಗೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಎ ಒತ್ತಿ ಪೂರ್ತಿ ಆರಿಸಿ, ಆಮೇಲೆ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅದೆಲ್ಲ ಒಂದೇ ಸಾಲು, ಮಧ್ಯದಲ್ಲಿ ಎಂಟರ್ ಬೀಳಬಾರದು.

ಈಗ ಸರ್ವರ್ ಕಂಪನಿಯ ಪುಟಕ್ಕೆ ಹೋಗಿ ಹೊಸ ಸರ್ವರ್ ಕೇಳಿ. ಯಾವ ಆಪರೇಟಿಂಗ್ ಸಿಸ್ಟಮ್ ಅಂತ ಕೇಳಿದರೆ ಉಬುಂಟು ಅಥವಾ ಡೆಬಿಯನ್ ಆರಿಸಿ. ದೀರ್ಘಾವಧಿ ಬೆಂಬಲ ಇರುವ ಆವೃತ್ತಿಯೇ ಇರಲಿ. ಲಾಗಿನ್ ಹೇಗೆ ಅಂತ ಕೇಳಿದಾಗ ಪಾಸ್‌ವರ್ಡ್ ಅನ್ನಬೇಡಿ, ಎಸ್‌ಎಸ್‌ಎಚ್ ಕೀ ಅಂದು ನೋಟ್‌ಪ್ಯಾಡಿನ ಆ ಸಾಲನ್ನು ಅಂಟಿಸಿ. ಪಾಸ್‌ವರ್ಡ್ ಇರುವ ಸರ್ವರ್ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಪ್ರಪಂಚದ ಮೂಲೆಮೂಲೆಯಿಂದ ಯಂತ್ರಗಳು ಬಂದು ಊಹೆ ಮಾಡಿ ತಟ್ಟಲು ಶುರು ಮಾಡುತ್ತವೆ. ಕೀಲಿ ಮಾತ್ರ ಒಪ್ಪುವ ಬಾಗಿಲನ್ನು ಎಷ್ಟು ತಟ್ಟಿದರೂ ಏನೂ ಆಗುವುದಿಲ್ಲ. ಫೈರ್‌ವಾಲ್ (ಸರ್ವರ್‌ನ ಕಾವಲು) ಕೇಳಿದರೆ ಎಸ್‌ಎಸ್‌ಎಚ್‌ನ ಬಾಗಿಲಾದ ಪೋರ್ಟ್ 22 ಒಂದನ್ನೇ ತೆರೆದಿಡಿ. ಸರ್ವರ್ ಎದ್ದ ಮೇಲೆ ಅದರ ಐಪಿ ವಿಳಾಸ ಮತ್ತು ಬಳಕೆದಾರ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಿ. ಅಮೆಜಾನಿನ ಉಬುಂಟು ಸರ್ವರ್‌ಗಳಲ್ಲಿ ಹೆಸರು ಉಬುಂಟು ಅಂತಲೇ ಇರುತ್ತದೆ, ಇನ್ನು ಕೆಲವು ಕಡೆ ರೂಟ್ ಇರುತ್ತದೆ.

ಪುಟ್ಟಿಯಲ್ಲಿ ಸುರಂಗ ತೋಡುವುದು

ಪುಟ್ಟಿ ತೆರೆಯಿರಿ. ಎಡಗಡೆ ಒಂದು ಪಟ್ಟಿ ಇದೆ, ಅದರಲ್ಲೇ ನಮ್ಮ ಓಡಾಟ. ಮೊದಲ ಸೆಷನ್ ಪುಟದಲ್ಲಿ ಹೋಸ್ಟ್ ನೇಮ್ ಜಾಗಕ್ಕೆ ಐಪಿ ವಿಳಾಸ, ಪೋರ್ಟ್ 22. ಕನೆಕ್ಷನ್ ಅನ್ನುವುದರ ಮೇಲೆ ಕ್ಲಿಕ್ ಮಾಡಿ, ಕೀಪ್‌ಅಲೈವ್ ಅನ್ನುವ ಕಡೆ ಸೊನ್ನೆ ಇರುತ್ತದೆ, ಅದನ್ನು 60 ಮಾಡಿ. ನಿಮಿಷಕ್ಕೊಮ್ಮೆ ಪುಟ್ಟಿ "ಇದ್ದೇನೆ" ಅಂತ ಸರ್ವರ್‌ಗೆ ಹೇಳುತ್ತದೆ. ಇಲ್ಲದಿದ್ದರೆ ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ಅರ್ಧ ಗಂಟೆ ಕಂಪ್ಯೂಟರ್ ಮುಟ್ಟದಿದ್ದಾಗ ರೂಟರ್ ಆ ಸಂಪರ್ಕವನ್ನು ಮರೆತುಬಿಡುತ್ತದೆ. ಕನೆಕ್ಷನ್ ಕೆಳಗಿನ ಡೇಟಾದಲ್ಲಿ ಬಳಕೆದಾರ ಹೆಸರು ಹಾಕಿ.

ಈಗ ಎಸ್‌ಎಸ್‌ಎಚ್ ಮೇಲೆ ಕ್ಲಿಕ್ ಮಾಡಿ, "ಡೋಂಟ್ ಸ್ಟಾರ್ಟ್ ಎ ಶೆಲ್ ಆರ್ ಕಮಾಂಡ್ ಅಟ್ ಆಲ್" ಅನ್ನುವುದಕ್ಕೆ ಟಿಕ್ ಹಾಕಿ. ನಮಗೆ ಬೇಕಾದ್ದು ದಾರಿ ಮಾತ್ರ, ಸರ್ವರ್‌ಗೆ ಆಜ್ಞೆ ಕೊಡುವ ಪರದೆ ಅಲ್ಲ. ಅದರ ಕೆಳಗಿನ ಆಥ್, ಅದರೊಳಗೆ ಕ್ರೆಡೆನ್ಶಿಯಲ್ಸ್, ಅಲ್ಲಿ ಬ್ರೌಸ್ ಒತ್ತಿ ನೀವು ಸೇವ್ ಮಾಡಿದ ಕೀಲಿಕೈ ತೋರಿಸಿ.

ಇನ್ನು ಟನಲ್ಸ್. ಸೋರ್ಸ್ ಪೋರ್ಟ್‌ಗೆ 1080 ಬರೆಯಿರಿ, ಸಾಕ್ಸ್‌ಗೆ ವಾಡಿಕೆಯ ಸಂಖ್ಯೆ ಅದು. ಡೆಸ್ಟಿನೇಶನ್ ಖಾಲಿ ಬಿಡಿ. ಕೆಳಗೆ ಲೋಕಲ್, ರಿಮೋಟ್, ಡೈನಾಮಿಕ್ ಅಂತ ಮೂರು ಇವೆ, ಡೈನಾಮಿಕ್ ಆರಿಸಿ. ಆಮೇಲೆ ಆ್ಯಡ್ ಒತ್ತಲೇಬೇಕು. ಒತ್ತಿದರೆ ಮೇಲಿನ ಚೌಕದಲ್ಲಿ ಡಿ ಅಕ್ಷರದ ಜೊತೆ 1080 ಅಂತ ಕಾಣುತ್ತದೆ. ಅದು ಕಾಣದಿದ್ದರೆ ಸುರಂಗವೇ ಇಲ್ಲ. ಅದೇ ಪುಟದ ಮೇಲ್ಭಾಗದಲ್ಲಿ "ಲೋಕಲ್ ಪೋರ್ಟ್ಸ್ ಅಕ್ಸೆಪ್ಟ್ ಕನೆಕ್ಷನ್ಸ್ ಫ್ರಮ್ ಅದರ್ ಹೋಸ್ಟ್ಸ್" ಅಂತ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ವೈಫೈಯಲ್ಲಿ ಇರುವ ಯಾರು ಬೇಕಾದರೂ ನಿಮ್ಮ ಸುರಂಗದಲ್ಲಿ ನುಗ್ಗಬಹುದು, ಅವರು ಮಾಡಿದ್ದೆಲ್ಲ ನಿಮ್ಮ ಸರ್ವರ್‌ನ ಹೆಸರಿಗೆ ಬರೆದುಕೊಳ್ಳುತ್ತದೆ.

ಮತ್ತೆ ಸೆಷನ್ ಪುಟಕ್ಕೆ ಬನ್ನಿ. ಸೇವ್ಡ್ ಸೆಷನ್ಸ್ ಕೆಳಗೆ "ಸುರಂಗ" ಅಂತಲೋ ನಿಮಗೆ ಇಷ್ಟ ಬಂದದ್ದೋ ಒಂದು ಹೆಸರು ಕೊಟ್ಟು ಸೇವ್ ಮಾಡಿ. ಇದನ್ನು ಮರೆತರೆ ನಾಳೆ ಬೆಳಿಗ್ಗೆ ಎಲ್ಲವನ್ನೂ ಮೊದಲಿಂದ ತುಂಬಬೇಕಾಗುತ್ತದೆ. ಈಗ ಓಪನ್ ಒತ್ತಿ.

ಬೆರಳಚ್ಚು ನೋಡದೆ ಒಪ್ಪಬೇಡಿ

ಮೊದಲ ಸಲ ಒಂದು ಎಚ್ಚರಿಕೆ ಬರುತ್ತದೆ. ಈ ಸರ್ವರ್ ನನಗೆ ಪರಿಚಯ ಇಲ್ಲ, ಇದರ ಬೆರಳಚ್ಚು (ಸರ್ವರನ್ನು ಗುರುತಿಸುವ ಅಕ್ಷರಗಳ ಸಾಲು) ಹೀಗಿದೆ, ಒಪ್ಪಲೇ ಅಂತ. ನಾವೆಲ್ಲ ಓದದೆ ಅಕ್ಸೆಪ್ಟ್ ಒತ್ತುತ್ತೇವೆ, ಅಲ್ವಾ? ಇಲ್ಲಿ ಮಾತ್ರ ಹಾಗೆ ಮಾಡಬೇಡಿ. ನೀವು ಇರುವ ವೈಫೈಯನ್ನೇ ನಂಬದೆ ಈ ಸುರಂಗ ತೋಡುತ್ತಿದ್ದೀರಿ. ಆದರೆ ಸರ್ವರ್ ಜೊತೆಗಿನ ಮೊದಲ ಕೈಕುಲುಕೂ ಅದೇ ವೈಫೈ ಮೂಲಕವೇ ಆಗುತ್ತಿದೆ. ಮಧ್ಯದಲ್ಲಿ ಕೂತವನು "ನಾನೇ ನಿನ್ನ ಸರ್ವರ್" ಅಂತ ಕೈಚಾಚಿದರೆ ಗೊತ್ತಾಗುವುದು ಈ ಬೆರಳಚ್ಚಿನಿಂದ ಮಾತ್ರ.

ಹೋಲಿಸಿ ನೋಡುವುದು ಹೀಗೆ. ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಸರ್ವರ್ ಕಂಪನಿಯ ಪುಟಕ್ಕೆ ಲಾಗಿನ್ ಆಗಿ. ಅಲ್ಲಿ ಕನ್ಸೋಲ್ ಅನ್ನುವ ಕಡೆ ಸರ್ವರ್ ಮೊದಲ ಸಲ ಏಳುವಾಗ ಬರೆದ ಸಾಲುಗಳು ಸಿಗುತ್ತವೆ. ಉಬುಂಟುವಿನಲ್ಲಿ ಆ ಸಾಲುಗಳ ನಡುವೆಯೇ ಬೆರಳಚ್ಚು ಅಚ್ಚಾಗಿರುತ್ತದೆ. ಎಡ್25519ರ ಮುಂದಿನದನ್ನು ನೋಡಿ. ನಾನು ಫೋನ್ ಹಿಡಿದು ನಿಂತೆ. ಮಾವ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪರದೆಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ದೊಡ್ಡ ಕ್ಯೂ, ಚಿಕ್ಕ ಎಮ್, ಏಳು, ಪ್ಲಸ್ ಗುರುತು..." ಮಧ್ಯದಲ್ಲಿ ಒಬ್ಬರು ಬಿಲ್ ಕೊಡಲು ಬಂದರು. ಮಾವ ಬೆರಳು ತೆಗೆಯದೆ ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸಿ ಕೊಟ್ಟು, ಬಿಟ್ಟಲ್ಲಿಂದಲೇ ಮುಂದೆ ಓದಿದರು. ಕೊನೆಯ ಅಕ್ಷರವೂ ಕೂಡಿದ ಮೇಲೆ ಅಕ್ಸೆಪ್ಟ್ ಒತ್ತಿದೆವು. ಎರಡು ನಿಮಿಷದ ಕೆಲಸ, ಒಂದೇ ಸಲ ಮಾಡಬೇಕಾದದ್ದು. ಪುಟ್ಟಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ಬೆರಳಚ್ಚು ಬದಲಾಗಿದೆ ಅಂತ ಜೋರಾದ ಎಚ್ಚರಿಕೆ ಬಂದರೆ, ನೀವೇ ಸರ್ವರನ್ನು ಹೊಸದಾಗಿ ಕಟ್ಟಿಲ್ಲದಿದ್ದರೆ, ಅಲ್ಲೇ ನಿಲ್ಲಿಸಿ.

ಆಮೇಲೆ ಪಾಸ್‌ಫ್ರೇಸ್ ಕೇಳುತ್ತದೆ. ಬರೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಗಾಬರಿ ಬೇಡ, ಬರೆದು ಎಂಟರ್ ಒತ್ತಿ. ಕಪ್ಪು ಕಿಟಕಿ ಸುಮ್ಮನೆ ನಿಂತರೆ ಕೆಲಸ ಆಯಿತು ಅಂತಲೇ ಅರ್ಥ. ಅದನ್ನು ಮುಚ್ಚಬೇಡಿ, ಕೆಳಗೆ ಇಳಿಸಿಡಿ.

ಆಗಲಿಲ್ಲವೇ? ಟೈಮ್ಡ್ ಔಟ್ ಅಂದರೆ ಐಪಿ ತಪ್ಪಿರಬೇಕು, ಇಲ್ಲ ಫೈರ್‌ವಾಲಿನಲ್ಲಿ 22 ಮುಚ್ಚಿರಬೇಕು. "ಸರ್ವರ್ ರಿಫ್ಯೂಸ್ಡ್ ಅವರ್ ಕೀ" ಅಂದರೆ ಬಳಕೆದಾರ ಹೆಸರು ತಪ್ಪು, ಅಥವಾ ಪಬ್ಲಿಕ್ ಕೀ ಅರ್ಧ ನಕಲಾಗಿದೆ. ನನ್ನ ತಂಗಿಗೆ ಆದದ್ದು ಅರ್ಧ ನಕಲು. "ನೋ ಸಪೋರ್ಟೆಡ್ ಅಥೆಂಟಿಕೇಶನ್ ಮೆಥಡ್ಸ್" ಅಂತ ಮಾತ್ರ ಬಂದರೆ ಕೀಲಿಕೈ ತೋರಿಸಿದ ಮೇಲೆ ಸೇವ್ ಮಾಡಲು ಮರೆತಿದ್ದೀರಿ.

ಫೈರ್‌ಫಾಕ್ಸ್‌ಗೆ ದಾರಿ ತೋರಿಸುವುದು

ಸುರಂಗ ತಯಾರಾಗಿದೆ, ಆದರೆ ಯಾವ ರೈಲೂ ಇನ್ನೂ ಅದರೊಳಗೆ ಹೊರಟಿಲ್ಲ. ಬ್ರೌಸರ್‌ಗೆ ಹೇಳಬೇಕು. ಫೈರ್‌ಫಾಕ್ಸ್ ಬಳಸಿ. ಕ್ರೋಮ್ ವಿಂಡೋಸ್‌ನ ಪ್ರಾಕ್ಸಿಯನ್ನೇ ನಂಬಿಕೊಂಡಿರುತ್ತದೆ. ಅದನ್ನು ಬದಲಿಸಿದರೆ ಬೇರೆ ತಂತ್ರಾಂಶಗಳ ದಾರಿಯೂ ಬದಲಾಗುತ್ತದೆ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಾಕ್ಸಿ ಇದೆ. ಮಾವನಿಗೆ ಹೇಳಿರುವುದು ಇಷ್ಟೇ: ಬ್ಯಾಂಕು, ಜಿಎಸ್‌ಟಿ, ಮೇಲ್ ಎಲ್ಲ ನರಿಯ ಚಿತ್ರ ಇರುವುದರಲ್ಲಿ, ಹಾಡು, ಯಕ್ಷಗಾನದ ವಿಡಿಯೋ ಎಲ್ಲ ಕ್ರೋಮ್‌ನಲ್ಲಿ.

ಮೂರು ಗೆರೆಯ ಮೆನು, ಸೆಟ್ಟಿಂಗ್ಸ್, ಜನರಲ್ ಪುಟದ ತೀರಾ ಕೆಳಗೆ ನೆಟ್‌ವರ್ಕ್ ಸೆಟ್ಟಿಂಗ್ಸ್. ಅಲ್ಲಿ ಮ್ಯಾನ್ಯುಯಲ್ ಪ್ರಾಕ್ಸಿ ಆರಿಸಿ. ಮೊದಲು ಕಣ್ಣಿಗೆ ಬೀಳುವ ಎಚ್‌ಟಿಟಿಪಿ ಪ್ರಾಕ್ಸಿ ಖಾನೆಯನ್ನು ಖಾಲಿ ಬಿಡಿ. ಅದರಲ್ಲಿ ಬರೆದು, ಏನೂ ತೆರೆಯುತ್ತಿಲ್ಲ ಅಂತ ಫೋನ್ ಮಾಡುವವರು ಜಾಸ್ತಿ. ಕೆಳಗಿನ ಸಾಕ್ಸ್ ಹೋಸ್ಟ್‌ಗೆ 127.0.0.1 ಬರೆಯಿರಿ, ಪೋರ್ಟ್ 1080, ಸಾಕ್ಸ್ ವಿ5 ಆರಿಸಿ. 127.0.0.1 ಅಂದರೆ ಈ ಕಂಪ್ಯೂಟರೇ, ಅಲ್ಲಿ ಪುಟ್ಟಿ ಸುರಂಗದ ಬಾಯಿ ತೆರೆದು ಕೂತಿದೆ.

ಅದೇ ಪುಟದ ಕೊನೆಗೆ "ಪ್ರಾಕ್ಸಿ ಡಿಎನ್‌ಎಸ್ ವೆನ್ ಯೂಸಿಂಗ್ ಸಾಕ್ಸ್ ವಿ5" ಅಂತ ಒಂದು ಚೌಕ ಇದೆ. ಅದಕ್ಕೆ ಟಿಕ್ ಇರಲೇಬೇಕು. ಸೈಟಿನ ಹೆಸರು ಬರೆದಾಗ ಬ್ರೌಸರ್ ಮೊದಲು ಆ ಹೆಸರಿನ ಐಪಿ ವಿಳಾಸ ಯಾವುದು ಅಂತ ಯಾರನ್ನಾದರೂ ಕೇಳುತ್ತದೆ, ಈ ವಿಚಾರಣೆಯೇ ಡಿಎನ್‌ಎಸ್. ಟಿಕ್ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಕಟ್ಟಡದ ಕೇಬಲ್‌ನವರನ್ನೇ ಕೇಳಿ, ಉತ್ತರ ತಿಳಿದುಕೊಂಡು, ಆಮೇಲೆ ಸುರಂಗಕ್ಕೆ ಇಳಿಯುತ್ತದೆ. ಗುಟ್ಟಾಗಿ ಹೋಗುವವನು ಬೀದಿಯಲ್ಲಿ ನಿಂತು ವಿಳಾಸ ಕೂಗಿ ಕೇಳಿದ ಹಾಗೆ. ಉಳಿದದ್ದೆಲ್ಲ ಸರಿ ಇದ್ದರೂ ಈ ಒಂದು ಟಿಕ್ ಇಲ್ಲದಿದ್ದರೆ ನೀವು ಹೋದ ಸೈಟುಗಳ ಪಟ್ಟಿ ಅವರ ಕೈಗೆ ಸಿಗುತ್ತದೆ.

ಮ್ಯಾಕ್ ಅಥವಾ ಲಿನಕ್ಸ್ ಇದ್ದವರಿಗೆ ಪುಟ್ಟಿ ಬೇಕಿಲ್ಲ. ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಆಜ್ಞೆಗೆ ಮೈನಸ್ ಗುರುತಿನ ಜೊತೆ ದೊಡ್ಡ ಎನ್, ಜಾಗ ಬಿಟ್ಟು ಇನ್ನೊಂದು ಮೈನಸ್ ಜೊತೆ ದೊಡ್ಡ ಡಿ, ಅದರ ಮುಂದೆ 1080, ಕೊನೆಗೆ ಬಳಕೆದಾರ ಹೆಸರು, ಅಟ್ ಗುರುತು, ಸರ್ವರ್ ವಿಳಾಸ. ಒಂದೇ ಸಾಲು. ಫೈರ್‌ಫಾಕ್ಸ್ ಭಾಗ ಎಲ್ಲರಿಗೂ ಒಂದೇ.

ನಿಜವಾಗಿ ನಡೆಯುತ್ತಿದೆಯೇ

ನಂಬಿ ಕೂರಬೇಡಿ, ನೋಡಿ. ನಿಮ್ಮ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ಸೈಟನ್ನು ಕ್ರೋಮ್‌ನಲ್ಲಿ ತೆರೆಯಿರಿ, ಫೈರ್‌ಫಾಕ್ಸ್‌ನಲ್ಲೂ ತೆರೆಯಿರಿ. ಎರಡರಲ್ಲೂ ಬೇರೆ ಬೇರೆ ಬರಬೇಕು, ಫೈರ್‌ಫಾಕ್ಸ್‌ನಲ್ಲಿ ನೀವು ಕಾಗದದಲ್ಲಿ ಬರೆದುಕೊಂಡ ಸರ್ವರ್ ವಿಳಾಸವೇ ಬರಬೇಕು. ಆಮೇಲೆ ಡಿಎನ್‌ಎಸ್ ಸೋರಿಕೆ ನೋಡುವ ಒಂದು ಪುಟ ಹುಡುಕಿ ತೆರೆಯಿರಿ. ಅಲ್ಲಿ ನಿಮ್ಮ ಕೇಬಲ್‌ನವರ ಹೆಸರು ಕಂಡರೆ ಆ ಟಿಕ್ ನೋಡಿಕೊಳ್ಳಿ.

ಮೂರನೆಯ ಪರೀಕ್ಷೆ ನನಗೆ ತುಂಬಾ ಇಷ್ಟ. ಪುಟ್ಟಿಯ ಕಪ್ಪು ಕಿಟಕಿ ಮುಚ್ಚಿ, ಫೈರ್‌ಫಾಕ್ಸ್‌ನಲ್ಲಿ ಯಾವುದಾದರೂ ಪುಟ ತೆರೆಯಿರಿ. ಪ್ರಾಕ್ಸಿ ಒಪ್ಪುತ್ತಿಲ್ಲ ಅಂತ ತಪ್ಪು ತೋರಿಸಬೇಕು. ಅದೇ ಸರಿ. ಸುರಂಗ ಕುಸಿದಾಗ ಬ್ರೌಸರ್ ಗುಟ್ಟಾಗಿ ಹಳೆಯ ದಾರಿ ಹಿಡಿಯದೆ ನಿಂತುಬಿಟ್ಟಿತು ಅಂತ ಅದರ ಅರ್ಥ. ಮಾವನಿಗೂ ಇದನ್ನೇ ತೋರಿಸಿದೆ. ನರಿಯಲ್ಲಿ ಪುಟ ಬರುತ್ತಿಲ್ಲ ಅಂದರೆ ಇಂಟರ್ನೆಟ್ ಹೋಗಿಲ್ಲ, ಸುರಂಗ ಮುಚ್ಚಿದೆ, ಮತ್ತೆ ಓಪನ್ ಒತ್ತಿ ಪಾಸ್‌ಫ್ರೇಸ್ ಕೊಡಿ ಅಂತ. ಕೊನೆಗೆ ದೇವಸ್ಥಾನದ ಪುಟ ತೆರೆದೆವು. ಇಸ್ಪೀಟು ಎಲೆ ಇರಲಿಲ್ಲ. ಮಾವ ಒಂದು ಕ್ಷಣ ಪರದೆಗೆ ಕೈಮುಗಿದು, ಒಳಗೆ ಎರಡು ಕಾಫಿ ಹೇಳಿದರು.

ಸುರಂಗದ ಆಚೆ ಏನಿದೆ

ಸರ್ವರ್‌ನಿಂದ ಮುಂದೆ ಎಲ್ಲ ಬಯಲು. ಎಸ್ ಇಲ್ಲದ ಪುಟದಲ್ಲಿ ಈಗಲೂ ಪಾಸ್‌ವರ್ಡ್ ಬರೆಯಬೇಡಿ. ಸರ್ವರ್ ಕಂಪನಿಯವರಿಗೆ ನಿಮ್ಮ ಹೆಸರು, ಕಾರ್ಡು ಎಲ್ಲ ಗೊತ್ತು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ವಿಪಿಎನ್ (ಇಂಥದ್ದೇ ಸುರಂಗದ ಸೇವೆ), ಸರ್ವರ್, ಕ್ಲೌಡ್ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಅದಾದ ಮೇಲೆ ಕೆಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಹಾಗಾಗಿ ಇದು ಅಡಗಿಕೊಳ್ಳುವ ಸಾಧನ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೆರೆಯವರ ಕಣ್ಣಿನಿಂದ, ದಾರಿಯಲ್ಲಿ ಕೈಯಾಡಿಸುವವರಿಂದ ಕಾಪಾಡುವ ಸಾಧನ ಮಾತ್ರ.

ವಿಡಿಯೋ ಕರೆಗಳು ಸಾಮಾನ್ಯವಾಗಿ ಯುಡಿಪಿ ಅನ್ನುವ ಬೇರೆ ಬಗೆಯಲ್ಲಿ ಹೋಗುತ್ತವೆ, ಈ ಸುರಂಗಕ್ಕೆ ಅದು ಹೊಂದುವುದಿಲ್ಲ. ಮೋಸದ ಲಿಂಕ್ ಒತ್ತಿದರೆ ಸುರಂಗ ನಿಮ್ಮನ್ನು ಅಷ್ಟೇ ಭದ್ರವಾಗಿ ಮೋಸಗಾರನ ಹತ್ತಿರ ಕರೆದುಕೊಂಡು ಹೋಗುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಕೇಳದೆ ಹಾಕಬೇಡಿ, ಕೆಲಸಕ್ಕೇ ಕುತ್ತು ಬರಬಹುದು. ಹೋಟೆಲ್, ಅಂಗಡಿ ನಡೆಸುವವರು ರೂಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿ ಗಿರಾಕಿಗಳಿಗೆ ಅದನ್ನೇ ಕೊಡಿ. ಇದು ಸುರಂಗಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಹತ್ತು ನಿಮಿಷ ಸಾಕು.

ಸರ್ವರ್ ನಿಮ್ಮದಾದ ಮೇಲೆ ಅದರ ಆರೈಕೆಯೂ ನಿಮ್ಮದು. ಉಬುಂಟು ತನ್ನ ಭದ್ರತೆಯ ಅಪ್‌ಡೇಟುಗಳನ್ನು ಸಾಮಾನ್ಯವಾಗಿ ತಾನೇ ಹಾಕಿಕೊಳ್ಳುತ್ತದೆ, ಆದರೂ ತಿಂಗಳಿಗೊಮ್ಮೆ ಕಂಪನಿಯ ಪುಟದಿಂದ ರೀಸ್ಟಾರ್ಟ್ ಮಾಡಿ. ಮಾವ ಒಂದನೇ ತಾರೀಕು ಸಂಬಳ ಕೊಡುವ ದಿನ ಮಾಡುತ್ತಾರೆ, ಮರೆಯುವುದಿಲ್ಲ.

ಡೆಸ್ಕ್‌ಟಾಪ್ ಮಾರುವಾಗ ಅಥವಾ ಕಳವಾದಾಗ ಆ ಕೀಲಿಕೈಗೆ ಹೊಂದುವ ಬೀಗವನ್ನು ಸರ್ವರ್‌ನಿಂದ ತೆಗೆಯಬೇಕು. ಅದು ಸರ್ವರ್‌ನಲ್ಲಿ ಆಥರೈಸ್ಡ್ ಕೀಸ್ ಅನ್ನುವ ಫೈಲಿನ ಒಂದು ಸಾಲು. ಆ ಫೈಲ್ ಮುಟ್ಟಲು ಬಾರದಿದ್ದರೆ ಚಿಂತೆ ಇಲ್ಲ. ಒಳಗೆ ಇಟ್ಟದ್ದೇನೂ ಇಲ್ಲವಲ್ಲ, ಹಳೆಯ ಸರ್ವರನ್ನು ಪೂರ್ತಿ ಅಳಿಸಿ, ಹೊಸ ಕೀಲಿ ಮಾಡಿಕೊಂಡು ಹೊಸದನ್ನು ಎಬ್ಬಿಸಿ. ಎರಡನೇ ಸಲಕ್ಕೆ ಇಪ್ಪತ್ತು ನಿಮಿಷವೂ ಬೇಕಾಗುವುದಿಲ್ಲ. ಬೆರಳಚ್ಚು ಮಾತ್ರ ಮತ್ತೆ ಓದಿ ನೋಡಿ.